ಮೂಗಿನ ಹಿಂದಿನ ಕತ್ತಲೆ ಕೋಣೆ

ಮಕ್ಕಳೇ, ಒಂದು ಕನ್ನಡಿ ಹಿಡಿದು ಬೆಳಕಿಗೆ ಮುಖ ಮಾಡಿ ನಿಲ್ಲಿ. ಬಾಯಿ ದೊಡ್ಡದಾಗಿ ತೆರೆದು ‘ಆ...’ ಅನ್ನಿ. ನಾಲಿಗೆಯ ಹಿಂದೆ, ನಟ್ಟನಡುವೆ ಜೋತುಬಿದ್ದಿರುವ ಪುಟ್ಟ ಮಾಂಸದ ತುಣುಕು ಕಿರುನಾಲಿಗೆ. ಅದರ ಎಡಕ್ಕೂ ಬಲಕ್ಕೂ ಗುಂಡಗೆ ಕಾಣುವವು ಟಾನ್ಸಿಲ್‌ಗಳು. ಇಷ್ಟನ್ನು ನೀವೂ ನೋಡಬಹುದು, ನಿಮ್ಮೂರಿನ ಡಾಕ್ಟರೂ ನೋಡುತ್ತಾರೆ. ನಾನು ಈಗ ಹೇಳಹೊರಟಿರುವುದು ಮಾತ್ರ ನೀವು ಎಷ್ಟು ಬಾಯಿ ತೆರೆದರೂ ಕಾಣಿಸುವುದಿಲ್ಲ. ಕಿರುನಾಲಿಗೆ ನೇತಾಡುವ ಮೆತ್ತನೆಯ ಪರದೆ ಇದೆಯಲ್ಲ, ಅಂಗುಳದ ಹಿಂಭಾಗ, ಅದರ ಮೇಲೆ ಒಂದು ಕತ್ತಲೆ ಕೋಣೆ ಇದೆ. ಮೂಗಿನ ದಾರಿ ಮುಗಿದು ಗಂಟಲಿನ ದಾರಿ ಶುರುವಾಗುವುದು ಅಲ್ಲೇ. ಆ ಕೋಣೆಯ ಹಿಂಗೋಡೆಗೂ ಚಾವಣಿಗೂ ಅಂಟಿಕೊಂಡಿರುವ ಮೆತ್ತನೆಯ ಮಾಂಸದ ಹೆಸರು ಅಡಿನಾಯ್ಡ್.

ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಬಹಳ ಮಂದಿ ಬರುವುದು ಈ ಅಡಿನಾಯ್ಡಿನ ದೆಸೆಯಿಂದಲೇ. ಕರೆದುಕೊಂಡು ಬರುವವರು ಅಜ್ಜಿಯೋ ಅಜ್ಜನೋ ಆಗಿರುವುದು ಹೆಚ್ಚು. ಕಾರಣ ಸುಲಭ. ರಾತ್ರಿ ಮೊಮ್ಮಕ್ಕಳ ಪಕ್ಕ ಮಲಗುವವರು ಅವರು, ನಿದ್ದೆ ಕಡಿಮೆ ಇರುವವರೂ ಅವರೇ. ಮಗು ಗೊರಕೆ ಹೊಡೆಯುವುದು, ಬಾಯಿ ತೆರೆದು ಉಸಿರಾಡುವುದು, ನಡುವೆ ಒಂದು ಗಳಿಗೆ ಉಸಿರೇ ನಿಂತಂತಾಗಿ ಆಮೇಲೆ ಬೆಚ್ಚಿ ಹೊರಳುವುದು ಮೊದಲು ಗೊತ್ತಾಗುವುದು ಅವರ ಕಿವಿಗೇ.

ಅಡಿನಾಯ್ಡ್ ಕೆಟ್ಟ ವಸ್ತುವಲ್ಲ. ಎಲ್ಲ ಮಕ್ಕಳಿಗೂ ಇರುತ್ತದೆ. ಉಸಿರಿನ ಜೊತೆ ಬರುವ ರೋಗಾಣುಗಳನ್ನು ಹಿಡಿದು ವಿಚಾರಿಸಿ, ದೇಹದ ಸೈನ್ಯಕ್ಕೆ ಅವುಗಳ ಗುರುತು ಹೇಳಿಕೊಡುವ ಕಾವಲು ಚೌಕಿ ಅದು. ಟಾನ್ಸಿಲ್‌ಗಳು, ನಾಲಿಗೆಯ ಬುಡದ ಗಂಟುಗಳು, ಈ ಅಡಿನಾಯ್ಡ್ ಎಲ್ಲ ಸೇರಿ ಗಂಟಲ ಬಾಗಿಲಿಗೆ ಒಂದು ಉಂಗುರವಾಗುತ್ತವೆ. 1884ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ವಾಲ್ಡೆಯರ್ ಹೆಸರೇ ಆ ಉಂಗುರಕ್ಕಿದೆ. ಮೂರರಿಂದ ಏಳು ವರ್ಷದ ನಡುವೆ ಅಡಿನಾಯ್ಡ್ ಅತಿ ದೊಡ್ಡದಾಗಿರುತ್ತದೆ. ಮೀಸೆ ಚಿಗುರುವ ವಯಸ್ಸಿಗೆ ತಾನಾಗಿಯೇ ಕುಗ್ಗುತ್ತದೆ. ತೊಂದರೆ ಆಗುವುದು ಕೋಣೆ ಚಿಕ್ಕದು, ಕಾವಲುಗಾರ ದಪ್ಪ ಅನ್ನುವಂತಾದಾಗ. ಮೂಗಿನ ದಾರಿ ಮುಚ್ಚುತ್ತದೆ. ಇಷ್ಟೇ ಅಲ್ಲ, ಅದೇ ಕೋಣೆಯ ಅಕ್ಕಪಕ್ಕದ ಗೋಡೆಗಳಲ್ಲಿ ಕಿವಿಗೆ ಗಾಳಿ ಒಯ್ಯುವ ಎರಡು ಸಣ್ಣ ನಳಿಕೆಗಳ ಬಾಯಿ ಇದೆ. ಅವುಗಳಿಗೆ ಗಾಳಿ ಸರಿಯಾಗಿ ಹೋಗದಿದ್ದರೆ ಕಿವಿತಮಟೆಯ ಹಿಂದೆ ಅಂಟಂಟು ನೀರು ತುಂಬಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ, ಕಿವಿ ಮಾತ್ರ ಮಂದ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ‘ಇವನಿಗೆ ಗಮನವೇ ಇಲ್ಲ’ ಅಂತ ಬೈಸಿಕೊಳ್ಳುವ ಕೆಲವು ಮಕ್ಕಳಿಗೆ ನಿಜಕ್ಕೂ ಮೇಷ್ಟರ ಮಾತು ಅರ್ಧವೇ ಕೇಳಿಸಿರುತ್ತದೆ. ಜೊತೆಗೆ ರಾತ್ರಿ ನಿದ್ದೆಯೂ ಅರ್ಧ. ಇಂಥ ಮಗುವನ್ನು ದಡ್ಡ ಅನ್ನುವ ಮೊದಲು ಒಂದು ಸಲ ಕಿವಿ, ಮೂಗು ತೋರಿಸಿ ಅಂತ ನಾನು ಮೇಷ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ.

ಕಾಣದ ಈ ಮಾಂಸವನ್ನು ಕೇಳಿ ಪತ್ತೆ ಹಚ್ಚುವ ಒಂದು ಉಪಾಯವಿದೆ. ಕನ್ನಡ ವರ್ಣಮಾಲೆ ಕಲಿತವರಿಗೆಲ್ಲ ಬರುತ್ತದೆ. ವರ್ಗೀಯ ವ್ಯಂಜನಗಳ ಪ್ರತಿ ಸಾಲಿನ ಕೊನೆಯ ಅಕ್ಷರ ಅನುನಾಸಿಕ ಅಂತ ಓದಿದ್ದೀರಲ್ಲ, ಙ, ಞ, ಣ, ನ, ಮ? ಅವನ್ನು ಹೇಳಲು ಗಾಳಿ ಮೂಗಿನಿಂದ ಬರಬೇಕು. ಈಗ ಮೂಗನ್ನು ಬಿಗಿಯಾಗಿ ಹಿಡಿದು ‘ಅಮ್ಮಾ, ನನಗೆ ಅನ್ನ’ ಅನ್ನಿ. ‘ಅಬ್ಬಾ, ದದಗೆ ಅದ್ದ’ ಅಂತ ಕೇಳುತ್ತದೆ! ಅಡಿನಾಯ್ಡ್ ದಪ್ಪಗಾದ ಮಗು ಮೂಗು ಹಿಡಿಯದೆಯೇ ಹೀಗೆ ಮಾತಾಡುತ್ತದೆ. ದೊಡ್ಡವರು ಅದನ್ನು ‘ಮೂಗಿನಲ್ಲಿ ಮಾತಾಡುತ್ತಾನೆ’ ಅನ್ನುತ್ತಾರೆ. ನಿಜವಾಗಿ ಆ ಮಗು ಮೂಗಿಲ್ಲದೆ ಮಾತಾಡುತ್ತಿದೆ.

ಬೆರಳೇ ಕಣ್ಣಾದ ಕಾಲ

ಮಾತನ್ನು ಕೇಳಿಯೇ ಈ ರೋಗದ ಜಾಡು ಹಿಡಿದವರು ಡೆನ್ಮಾರ್ಕಿನ ವಿಲ್ಹೆಲ್ಮ್ ಮೇಯರ್. ಕೋಪನ್‌ಹೇಗನ್ ನಗರದ ಈ ಡಾಕ್ಟರರ ಬಳಿಗೆ ಸುಮಾರು ಇಪ್ಪತ್ತು ವರ್ಷದ ಒಬ್ಬ ಯುವತಿ ಬಂದಳು. ಕಿವಿ ಮಂದ, ಮಾತಿನಲ್ಲಿ ಜೀವವಿಲ್ಲ. ಬಾಯಲ್ಲಿ ನೋಡಿದರೆ ಏನೂ ಕಾಣುತ್ತಿಲ್ಲ. ಮೇಯರ್ ತಮ್ಮ ಬೆರಳನ್ನು ಬಾಯೊಳಗೆ ಹಾಕಿ, ಅಂಗುಳದ ಹಿಂದಿನಿಂದ ಮೇಲಕ್ಕೆ ಬಾಗಿಸಿ ತಡವಿದರು. ಕತ್ತಲೆ ಕೋಣೆಯ ತುಂಬ ಮೆತ್ತನೆಯ ಮಾಂಸ! ಅದನ್ನು ತೆಗೆಯಲು ಸಲಕರಣೆ ಇರಲಿಲ್ಲ. ಉದ್ದನೆಯ ಕಡ್ಡಿಯ ತುದಿಗೆ ಪುಟ್ಟ ಉಂಗುರದಂಥ ಚಾಕು ಕೂರಿಸಿ, ಅದನ್ನು ಮೂಗಿನ ಹೊಳ್ಳೆಯಿಂದ ಒಳಗೆ ತೂರಿಸಿ, ಬಾಯಿಯ ಕಡೆಯಿಂದ ಬೆರಳಿನಲ್ಲಿ ದಾರಿ ತೋರಿಸುತ್ತ ಹೆರೆದು ತೆಗೆದರು. ಅವಳ ಕಿವಿಯೂ ಮಾತೂ ಸುಧಾರಿಸಿದವು. 1868ರಲ್ಲಿ ಮೇಯರ್ ಇದನ್ನು ಬರೆದು ಪ್ರಕಟಿಸಿದರು. ಅಲ್ಲಿಯವರೆಗೆ ಲೋಕದ ಎಷ್ಟು ಮಕ್ಕಳು ಮಂಕು ಅನ್ನಿಸಿಕೊಂಡು ಬೆಳೆದರೋ! ಕೋಪನ್‌ಹೇಗನ್‌ನಲ್ಲಿ ಮೇಯರ್ ಅವರ ಪ್ರತಿಮೆ ನಿಲ್ಲಿಸಿದ್ದಾರೆ. ನನ್ನ ಕಸುಬಿನವರಿಗೆ ಪ್ರತಿಮೆ ಸಿಗುವುದು ಅಪರೂಪ, ಆದ್ದರಿಂದ ಹೇಳಿದೆ.

ಮೇಯರ್ ನಂತರ ಬಂದವರು ಮೂಗಿನ ದಾರಿ ಬಿಟ್ಟು ಬಾಯಿಯ ದಾರಿ ಹಿಡಿದರು. ಬ್ರೆಸ್ಲಾವ್ ನಗರದ ಗಾಟ್‌ಸ್ಟೈನ್ ಎಂಬ ಡಾಕ್ಟರು ಬಳಕೆಗೆ ತಂದ ಕ್ಯುರೆಟ್ ಎಂಬ ಸಲಕರಣೆಯ ಮೊಮ್ಮಕ್ಕಳು ಇಂದಿಗೂ ನಮ್ಮ ಆಪರೇಷನ್ ಕೋಣೆಯ ಟ್ರೇಯಲ್ಲಿವೆ. ಅಜ್ಜಿಯಂದಿರಿಗೆ ಅದನ್ನು ವಿವರಿಸುವುದು ಸುಲಭ. ಕಾಯಿ ತುರಿಯುವ ಮಣೆಯ ಹಲ್ಲನ್ನು ನೆನೆಸಿಕೊಳ್ಳಿ. ಅದಕ್ಕೆ ಬಾಗಿದ ಉದ್ದ ಹಿಡಿ ಇದೆ, ಹಲ್ಲಿನ ಬದಲು ಒಳ ಅಂಚು ಹರಿತವಾದ ಚೌಕ ಚೌಕಟ್ಟಿದೆ ಅಂದುಕೊಳ್ಳಿ. ಅಂಗುಳದ ಹಿಂದೆ ಮೇಲಕ್ಕೆ ತಾಗಿಸಿ, ಹಿಂಗೋಡೆಗುಂಟ ಕೆಳಕ್ಕೆ ಎಳೆದರೆ ಅಡಿನಾಯ್ಡ್ ಕಿತ್ತುಕೊಂಡು ಬರುತ್ತದೆ. ಕೆಲಸ ಕೆಲವೇ ಕ್ಷಣಗಳದ್ದು. ಆದರೆ ಅದು ಕಣ್ಣಿಲ್ಲದ ಕೆಲಸ. ಒಳಗೆ ಎಷ್ಟು ಉಳಿಯಿತು, ಎಲ್ಲಿ ತಗುಲಿತು ಅನ್ನುವುದು ಕೈಗಷ್ಟೇ ಗೊತ್ತು.

‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ಓದಿದವರು ಕೈ ಎತ್ತಿ. ಅದನ್ನು ಬರೆದ ರೋಲ್ಡ್ ಡಾಲ್ ಅವರಿಗೂ ಈ ಆಪರೇಷನ್ ಆಗಿತ್ತು. 1924ರಲ್ಲಿ, ಎಂಟು ವರ್ಷದವರಿದ್ದಾಗ, ರಜೆಗೆಂದು ನಾರ್ವೆಗೆ ಹೋಗಿದ್ದಾಗ. ಅರಿವಳಿಕೆ ಕೊಡಲಿಲ್ಲ, ಮಲಗಿಸಲೂ ಇಲ್ಲ. ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆ ಅಂದರು, ಕ್ಷಣಮಾತ್ರದಲ್ಲಿ ಕೆರೆದರು. ಹುಡುಗನ ಬಾಯಿಂದ ರಕ್ತ, ಮಾಂಸದ ತುಣುಕು ಎಲ್ಲ ಬೋಗುಣಿಗೆ ಬಿತ್ತು. ಆಮೇಲೆ ಅಮ್ಮನ ಜೊತೆ ನಡೆದುಕೊಂಡೇ ಅಜ್ಜ ಅಜ್ಜಿಯ ಮನೆಗೆ ಹೋದನಂತೆ. ಅರವತ್ತು ವರ್ಷಗಳ ನಂತರ, 1984ರಲ್ಲಿ ಬಂದ ‘ಬಾಯ್’ ಎಂಬ ಪುಸ್ತಕದಲ್ಲಿ ಡಾಲ್ ಇದನ್ನೆಲ್ಲ ಬರೆದಿದ್ದಾರೆ. ಅರವತ್ತು ವರ್ಷವಾದರೂ ಮರೆತಿರಲಿಲ್ಲ ಅನ್ನುವುದನ್ನು ಗಮನಿಸಿ. ಆ ಡಾಕ್ಟರೇನೂ ಕ್ರೂರಿಯಲ್ಲ. ಆ ದಿನಗಳಲ್ಲಿ ಎಷ್ಟೋ ಕಡೆ ಇದೇ ರೂಢಿ. ಇಂಗ್ಲೆಂಡಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಮಕ್ಕಳನ್ನು ಮಲಗಿಸಿ ಈ ಆಪರೇಷನ್ ಮಾಡಿದ್ದೂ ಉಂಟು.

ನ್ಯೂಯಾರ್ಕಿನ ತಾಯಂದಿರು ಮಾತ್ರ ಸುಮ್ಮನಿರಲಿಲ್ಲ. 1906ರ ಜೂನ್ ತಿಂಗಳಲ್ಲಿ, ವಲಸೆ ಬಂದ ಬಡ ಕುಟುಂಬಗಳ ಕೇರಿಯಲ್ಲಿದ್ದ ಶಾಲೆಯೊಂದಕ್ಕೆ ಡಾಕ್ಟರುಗಳೇ ಬಂದು ಕೆಲವು ಮಕ್ಕಳ ಅಡಿನಾಯ್ಡ್ ತೆಗೆದರು. ಶಾಲೆಯಲ್ಲಿ ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ ಅನ್ನುವ ಸುದ್ದಿ ಹಬ್ಬಿತು. ನೂರಾರು ತಾಯಂದಿರು ಹಲವು ಶಾಲೆಗಳ ಮೇಲೆ ಮುಗಿಬಿದ್ದರು, ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಪತ್ರಿಕೆಗಳು ಆ ಹೆಂಗಸರನ್ನು ತಿಳಿಗೇಡಿಗಳು ಅಂತ ಗೇಲಿ ಮಾಡಿದವು. ನನಗೆ ಹಾಗನ್ನಿಸುವುದಿಲ್ಲ. ಬಾಯಲ್ಲಿ ರಕ್ತ ಒಸರುವ ಮಗು ಮನೆಗೆ ಬಂದರೆ, ಏನು ಮಾಡಿದರು ಅಂತ ಅವರ ಭಾಷೆಯಲ್ಲಿ ಹೇಳುವವರಿಲ್ಲದಿದ್ದರೆ, ಯಾವ ತಾಯಿ ಸುಮ್ಮನಿರುತ್ತಾಳೆ? ನಮ್ಮ ಆಸ್ಪತ್ರೆಗಳಲ್ಲೂ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ‘ಸಣ್ಣ ಆಪರೇಷನ್ನು’ ಅಂದುಬಿಡುವವರಿದ್ದಾರೆ. ಅದಕ್ಕೇ ಒಳಗೆ ಏನೇನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಪರದೆ ಎತ್ತಿ ನೋಡಿದಾಗ

ಈಗ ಮಗುವಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಅದಕ್ಕೆ ಆರು ಗಂಟೆ ಮೊದಲಿನಿಂದ ಊಟ ತಿಂಡಿ ಇಲ್ಲ, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ‘ಪಾಪ, ಹಸಿದಿದ್ದಾನೆ’ ಅಂತ ಗುಟ್ಟಾಗಿ ಬಿಸ್ಕತ್ತು ಕೊಡುವ ಅಜ್ಜಿಯಂದಿರೇ, ದಯವಿಟ್ಟು ಕೇಳಿಸಿಕೊಳ್ಳಿ. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯ ನಿದ್ದೆಯಲ್ಲಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಬಿಸ್ಕತ್ತು ಕೊಟ್ಟಿದ್ದರೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ನಿದ್ದೆ ಬಂದ ಮೇಲೆ ಉಸಿರಿನ ಕೊಳವೆಯನ್ನು ಬಾಯಿಯ ಮೂಲಕ ಹಾಕುತ್ತಾರೆ. ಭುಜದ ಕೆಳಗೆ ಒಂದು ಸುರುಳಿ ಇಟ್ಟು ತಲೆಯನ್ನು ಹಿಂದಕ್ಕೆ ಬಾಗಿಸುತ್ತೇವೆ. ನಾವು ಕೂರುವುದು ಮಗುವಿನ ತಲೆಯ ಕಡೆ, ಹಾಗಾಗಿ ನಮಗೆ ಬಾಯಿ ತಲೆಕೆಳಗಾಗಿ ಕಾಣುತ್ತದೆ. ಬಾಯಿ ಮುಚ್ಚದಂತೆ ಒಂದು ಚೌಕಟ್ಟು. ಆಮೇಲೆ ಬರುವ ಉಪಾಯ ನನಗೆ ಬಹಳ ಇಷ್ಟ. ತೆಳ್ಳನೆಯ ಮೆತ್ತನೆ ರಬ್ಬರ್ ಕೊಳವೆಯನ್ನು ಮೂಗಿನಿಂದ ಒಳಕ್ಕೆ ಹಾಕಿ ಬಾಯಿಯಿಂದ ಹೊರಕ್ಕೆ ತೆಗೆದು, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಅಂಗುಳದ ಹಿಂಭಾಗ ನಾಟಕದ ಪರದೆಯ ಹಾಗೆ ಮೇಲೇಳುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಸಣ್ಣ ಕನ್ನಡಿಯನ್ನು ಓರೆಯಾಗಿ ಹಿಡಿದರೆ ಕತ್ತಲೆ ಕೋಣೆ ಕಾಣುತ್ತದೆ. ಎಂಡೋಸ್ಕೋಪ್ ಎಂಬ ಪೆನ್ಸಿಲಿಗಿಂತ ಸಣ್ಣ ದುರ್ಬೀನು ಇದ್ದರೆ ಇನ್ನೂ ಚೆನ್ನ, ಕೋಣೆ ಇಡೀ ಟಿವಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಇಷ್ಟೆಲ್ಲ ಇದ್ದರೂ ಸಲಕರಣೆ ಹಿಡಿಯುವ ಮೊದಲು ನಾನು ಬೆರಳು ಹಾಕಿ ತಡವುತ್ತೇನೆ, ಮೇಯರ್ ತಡವಿದಂತೆಯೇ. ಅಲ್ಲಿ ನಾಡಿಯಂತೆ ಮಿಡಿಯುವ ರಕ್ತನಾಳವೇನಾದರೂ ಇದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ತೆಗೆಯುವ ವಿಧಾನಗಳು ನಾಲ್ಕಾರು. ಹಳೆಯ ಕ್ಯುರೆಟ್ ಒಂದು. ಹೆರೆದ ಮೇಲೆ ಗಾಜ್ ಬಟ್ಟೆಯ ಉಂಡೆಯನ್ನು ಕೆಲವು ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಹೊಲಿಗೆ ಇಲ್ಲ. ಮೂಗಿನ ಹಿಂಬಾಗಿಲ ಹತ್ತಿರ, ಕಿವಿಯ ನಳಿಕೆಯ ಬದಿಯಲ್ಲಿ ಚೂರುಪಾರು ಉಳಿಯುವುದು ಇದರ ದೌರ್ಬಲ್ಯ. ಮೈಕ್ರೋಡಿಬ್ರೈಡರ್ ಎಂಬ ಇನ್ನೊಂದಿದೆ. ತುದಿಯಲ್ಲಿ ಸಣ್ಣ ಕಿಟಕಿ ಇರುವ ಕೊಳವೆ, ಒಳಗೆ ಮಿಕ್ಸಿಯ ಬ್ಲೇಡಿನಂತೆ ತಿರುಗುವ ಅಲಗು, ಜೊತೆಗೆ ಎಳೆದುಕೊಳ್ಳುವ ಗಾಳಿ. ಕಿಟಕಿಗೆ ಸಿಕ್ಕ ಮಾಂಸವನ್ನಷ್ಟೇ ಕತ್ತರಿಸಿ ಹೀರುತ್ತದೆ. ಮೂಲೆಮೂಲೆಗೂ ಹೋಗಬಹುದು, ಆದರೆ ರಕ್ತ ಬರುವುದು ತಪ್ಪುವುದಿಲ್ಲ. ಬಾಗಿಸಬಹುದಾದ ಕೊಳವೆಯ ತುದಿಗೆ ವಿದ್ಯುತ್ ಹಾಯಿಸಿ, ಸುಡುತ್ತಲೇ ಹೀರುತ್ತಲೇ ಕರಗಿಸುವ ವಿಧಾನದಲ್ಲಿ ರಕ್ತ ಬಹಳ ಕಡಿಮೆ.

ಈಚಿನದು ಕೋಬ್ಲೇಷನ್. ಸಲಕರಣೆಯ ತುದಿಯಲ್ಲಿ ಉಪ್ಪುನೀರು ಹರಿಯುತ್ತಿರುತ್ತದೆ. ವಿದ್ಯುತ್ ಹಾಯಿಸಿದಾಗ ಆ ನೀರಿನ ತೆಳು ಪದರ ಪ್ಲಾಸ್ಮಾ ಆಗುತ್ತದೆ. ಘನ, ದ್ರವ, ಅನಿಲ ಆದ ಮೇಲೆ ವಿಜ್ಞಾನದ ಪುಸ್ತಕದಲ್ಲಿ ನಾಲ್ಕನೆಯದಾಗಿ ಬರುತ್ತದಲ್ಲ, ಅದೇ ಪ್ಲಾಸ್ಮಾ! ಅದು ತಾಗಿದಲ್ಲಿ ಮಾಂಸ ಕಳಚಿ ಕರಗಿ ಹೋಗುತ್ತದೆ. ಸುಡುವ ವಿಧಾನದಲ್ಲಿ ನೂರಾರು ಡಿಗ್ರಿ ಶಾಖ ಏಳುತ್ತದೆ, ಇದರಲ್ಲಿ ಸುಮಾರು 40ರಿಂದ 70 ಡಿಗ್ರಿ. ಹೆಚ್ಚೆಂದರೆ ಬಿಸಿ ಕಾಫಿಯಷ್ಟು ಅನ್ನಿ. ಹಾಗಾಗಿ ಸುತ್ತಲಿನ ಮಾಂಸಕ್ಕೆ ಪೆಟ್ಟು ಕಡಿಮೆ, ರಕ್ತವೂ ಕಡಿಮೆ. ಆದರೆ ಅದರ ಕಡ್ಡಿ ಒಂದು ಮಗುವಿಗೆ ಒಂದರಂತೆ ಬಳಸಬೇಕಾದದ್ದು, ಬೆಲೆ ಜಾಸ್ತಿ.

ಇಲ್ಲಿ ಒಂದು ಮಾತು. ಹಳ್ಳಿಯಿಂದ ಬಂದ ಅಜ್ಜನೊಬ್ಬರು ಮೊಮ್ಮಗಳ ಆಪರೇಷನ್ನಿಗೆ ‘ಆ ಕರೆಂಟಿನ ನೀರಿನದೇ’ ಆಗಬೇಕು ಅಂತ ಮನೆಯವರ ಸರ ಅಡವಿಡಲು ಹೊರಟಿದ್ದರು. ಬೇರೆಲ್ಲೋ ಯಾರೋ ಅದಿಲ್ಲದಿದ್ದರೆ ಮಗುವಿಗೆ ಅಪಾಯ ಅಂದಿದ್ದರಂತೆ. ನನಗೆ ಸಿಟ್ಟು ಬಂತು. ಕನ್ನಡಿಯಲ್ಲಿ ನೋಡಿಕೊಂಡು, ಪಳಗಿದ ಕೈ ಕ್ಯುರೆಟ್ಟಿನಿಂದ ಮಾಡಿದ ಆಪರೇಷನ್ನಿನಲ್ಲೂ ಬಹುಪಾಲು ಮಕ್ಕಳು ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ. ಡಾಕ್ಟರನ್ನು ‘ಯಾವ ಯಂತ್ರ ಇದೆ?’ ಅಂತ ಕೇಳುವುದಕ್ಕಿಂತ ‘ಒಳಗೆ ನೋಡಿಕೊಂಡು ಮಾಡುತ್ತೀರಾ?’ ಅಂತ ಕೇಳಿ. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರುತ್ತಾರಾ ಅಂತಲೂ ಕೇಳಿ. ಆ ಅಜ್ಜನ ಸರ ಅಡವಿಗೆ ಹೋಗಲಿಲ್ಲ. ಮೊಮ್ಮಗಳು ಈಗ ನಾಲ್ಕನೇ ಕ್ಲಾಸು.

ಯಾವ ವಿಧಾನವೇ ಆಗಲಿ, ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗಿನ ಕೆಲಸ. ಕೊನೆಗೆ ಗಾಜ್ ತುಂಡುಗಳ ಲೆಕ್ಕ ಸರಿಯಿದೆಯೇ, ಅಂಗುಳದ ಹಿಂದೆ ಹೆಪ್ಪುಗಟ್ಟಿದ ರಕ್ತ ಉಳಿದಿದೆಯೇ ಅಂತ ನೋಡದೆ ಮಗುವನ್ನು ಎಚ್ಚರಿಸುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ದಪ್ಪಗಿರುವ ಅಡಿನಾಯ್ಡನ್ನೆಲ್ಲ ತೆಗೆಯಬೇಕಾಗಿಲ್ಲ. ಕತ್ತಿನ ಪಕ್ಕದಿಂದ ತೆಗೆದ ಎಕ್ಸ್‌ರೇ ಹಿಡಿದು ‘ಇಷ್ಟು ದಪ್ಪ ಇದೆ’ ಅಂತ ಬರುತ್ತಾರೆ. ನಾನು ಎಕ್ಸ್‌ರೇಗಿಂತ ಮೊದಲು ಮಗುವಿನ ನಿದ್ದೆ, ಕಿವಿ, ಮಾತಿನ ಬಗ್ಗೆ ಕೇಳುತ್ತೇನೆ. ರಾತ್ರಿ ಮಗು ಮಲಗಿದಾಗ ಒಂದೆರಡು ನಿಮಿಷ ಫೋನಿನಲ್ಲಿ ವಿಡಿಯೋ ಮಾಡಿ ತನ್ನಿ, ಎದೆಯ ಮೇಲಿನ ಹೊದಿಕೆ ಸರಿಸಿ, ಶಬ್ದವೂ ಬರುವಂತೆ. ಅದರಷ್ಟು ಉಪಯೋಗದ ಕಾಗದ ನಿಮ್ಮ ಫೈಲಿನಲ್ಲಿ ಇರುವುದಿಲ್ಲ. ತೊಂದರೆ ಸ್ವಲ್ಪವಿದ್ದರೆ, ಅದರಲ್ಲೂ ಅಲರ್ಜಿ ಇದ್ದರೆ, ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇಯನ್ನು ಕೆಲವು ವಾರ ಕೊಟ್ಟು ನೋಡುತ್ತೇವೆ. ಎಷ್ಟೋ ಮಕ್ಕಳಿಗೆ ಅಷ್ಟರಲ್ಲೇ ಉಸಿರು ಸಲೀಸಾಗುತ್ತದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ, ತಿಂಗಳುಗಟ್ಟಲೆ ಕಿವಿಯಲ್ಲಿ ನೀರು ನಿಂತ ಮಕ್ಕಳಿಗೆ ಮಾತ್ರ ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಅಂತ ಕಾಯುವುದು ತರವಲ್ಲ. ಅಡಿನಾಯ್ಡ್ ಕುಗ್ಗುವುದೇನೋ ನಿಜ, ಆದರೆ ಅಷ್ಟು ಹೊತ್ತಿಗೆ ಬಾಯಿ ತೆರೆದೇ ಬೆಳೆದ ಮುಖ ಉದ್ದವಾಗಿ, ಮೇಲಿನ ಹಲ್ಲುಗಳು ಇಕ್ಕಟ್ಟಾಗಿ, ಒಂದು ಎರಡನೇ ಕ್ಲಾಸಿನ ಪಾಠ ಕಳೆದುಹೋಗಿರುತ್ತದೆ.

‘ದೇವರು ಕೊಟ್ಟ ಅಂಗ, ತೆಗೆದರೆ ಮುಂದೆ ಶಕ್ತಿ ಕಡಿಮೆಯಾಗುವುದಿಲ್ಲವೇ?’ ಇದು ಹಿರಿಯರು ತಪ್ಪದೆ ಕೇಳುವ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಉಂಗುರದ ಉಳಿದ ಕಾವಲುಗಾರರು ಕೆಲಸ ಮುಂದುವರಿಸುತ್ತಾರೆ, ಹೆಚ್ಚಿನ ಮಕ್ಕಳಲ್ಲಿ ಕಣ್ಣಿಗೆ ಕಾಣುವಂಥ ಕೊರತೆ ಆಗುವುದಿಲ್ಲ. ಆದರೆ 2018ರಲ್ಲಿ ಅದೇ ಮೇಯರ್ ಅವರ ಡೆನ್ಮಾರ್ಕಿನಲ್ಲಿ, 1979ರಿಂದ 1999ರವರೆಗೆ ಹುಟ್ಟಿದ ಸುಮಾರು 12 ಲಕ್ಷ ಮಕ್ಕಳ ದಾಖಲೆ ನೋಡಿದವರು, ಚಿಕ್ಕಂದಿನಲ್ಲಿ ಅಡಿನಾಯ್ಡ್ ಅಥವಾ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕೆಲವು ಕಾಯಿಲೆಗಳು ಹೆಚ್ಚು ಕಂಡವು ಎಂದು ಬರೆದರು. ಆಪರೇಷನ್ನಿನಿಂದಲೇ ಹಾಗಾಯಿತೋ, ಮೊದಲೇ ಕಾಯಿಲೆ ಇದ್ದವರಿಗೇ ಆಪರೇಷನ್ ಆಗಿತ್ತೋ ಎಂಬ ಚರ್ಚೆ ಇದೆ. ಹಾಗಾಗಿ ಅಗತ್ಯವಿದ್ದವರಿಗೆ ತಡಮಾಡುವುದಿಲ್ಲ, ಅಗತ್ಯವಿಲ್ಲದವರನ್ನು ಮುಟ್ಟುವುದಿಲ್ಲ.

ಇನ್ನೊಂದು ಎಚ್ಚರಿಕೆಗೆ ಮತ್ತೆ ವರ್ಣಮಾಲೆಗೆ ಬರಬೇಕು. ನಾವು ಪ, ಬ, ತ, ದ ಅನ್ನುವಾಗ ಅಂಗುಳದ ಪರದೆ ಮೇಲೆದ್ದು ಮೂಗಿನ ಬಾಗಿಲು ಮುಚ್ಚುತ್ತದೆ. ಕೆಲವು ಮಕ್ಕಳ ಅಂಗುಳದಲ್ಲಿ, ಮೇಲಿನ ಚರ್ಮ ಸರಿಯಾಗಿದ್ದರೂ, ಒಳಗಿನ ಸ್ನಾಯು ಸೇರಿಕೊಂಡಿರುವುದಿಲ್ಲ. ಅಂಥವರಲ್ಲಿ ಪರದೆ ಗಿಡ್ಡ, ದಪ್ಪ ಅಡಿನಾಯ್ಡೇ ಅದಕ್ಕೆ ಆನಿಕೆ. ಅದನ್ನು ಪೂರ್ತಿ ತೆಗೆದರೆ ಬಾಗಿಲು ಮುಚ್ಚದೆ ಗಾಳಿ ಮೂಗಿಗೆ ಸೋರುತ್ತದೆ. ಆಗ ‘ಬಸ್ಸು’ ‘ಮಸ್ಸು’ ಆಗುತ್ತದೆ, ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ. ಕಿರುನಾಲಿಗೆ ಹಾವಿನ ನಾಲಿಗೆಯಂತೆ ಎರಡು ಸೀಳಾಗಿದ್ದರೆ ಅದೊಂದು ಸುಳಿವು. ನಿಮ್ಮ ಮನೆಯ ಮಗುವಿಗೆ ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಂಥ ಮಕ್ಕಳಿಗೆ ಅಡಿನಾಯ್ಡನ್ನು ಮುಟ್ಟದೆ ಬಿಡುತ್ತೇವೆ, ಇಲ್ಲವೇ ಮೂಗಿನ ಬಾಗಿಲಷ್ಟನ್ನು ಬಿಡಿಸಿ ಕೆಳಗಿನ ಭಾಗ ಉಳಿಸುತ್ತೇವೆ. ಹೀಗೆ ಅಳೆದು ತೆಗೆಯುವುದಕ್ಕೆ ಮೈಕ್ರೋಡಿಬ್ರೈಡರ್, ಕೋಬ್ಲೇಷನ್‌ಗಳು ನಿಜಕ್ಕೂ ಉಪಕಾರಿ.

ಆಪರೇಷನ್ ಆದ ಮೇಲೆ ಬಹಳ ಮಕ್ಕಳು ಅವತ್ತೇ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಟಾನ್ಸಿಲ್ ತೆಗೆದಷ್ಟು ನೋವಿಲ್ಲ. ತಣ್ಣಗಾದ ಗಂಜಿ, ಮೊಸರನ್ನ, ಇಡ್ಲಿ, ಹೌದು, ಐಸ್‌ಕ್ರೀಮ್ ಕೂಡ ಕೊಡಬಹುದು. ವಾರದ ಮಟ್ಟಿಗೆ ಬಾಯಿ ವಾಸನೆ ಬರುತ್ತದೆ, ಮಾತು ಕೆಲವು ದಿನ ಬೇರೆ ಥರ ಕೇಳುತ್ತದೆ, ಗಾಬರಿ ಬೇಡ. ಹೊಸ ರಕ್ತ ಬಂದರೆ, ಮಗು ಪದೇಪದೇ ಏನನ್ನೋ ನುಂಗುತ್ತಿದ್ದರೆ, ಕತ್ತು ಒಂದು ಕಡೆಗೆ ವಾಲಿಕೊಂಡು ತಿರುಗಿಸಲಾಗದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಬನ್ನಿ. ಶಾಲೆಗೆ ಒಂದು ವಾರ ರಜ. ತೀರ ಚಿಕ್ಕ ಮಕ್ಕಳಲ್ಲಿ ಉಳಿದ ಚೂರಿನಿಂದ ಅಡಿನಾಯ್ಡ್ ಮತ್ತೆ ಬೆಳೆಯುವುದುಂಟು, ಆದರೆ ಎರಡನೇ ಆಪರೇಷನ್ ಬೇಕಾಗುವುದು ಅಪರೂಪ.

ಮೊದಲ ಕೆಲವು ದಿನ ಒಳಗೆ ಊತ ಇರುವುದರಿಂದ ಗೊರಕೆ ಮುಂದುವರಿಯಬಹುದು. ಎರಡನೇ ವಾರ ತೋರಿಸಲು ಬಂದ ಅಜ್ಜಿಯೊಬ್ಬರನ್ನು ‘ಈಗ ರಾತ್ರಿ ಹೇಗಿದ್ದಾನೆ?’ ಅಂತ ಕೇಳಿದೆ. ‘ಅಯ್ಯೋ ಡಾಕ್ಟ್ರಮ್ಮಾ, ನಿನ್ನೆ ಮಧ್ಯರಾತ್ರಿ ಎಚ್ಚರ ಆಯ್ತು. ಮನೆಯೆಲ್ಲ ನಿಶ್ಶಬ್ದ. ಹೆದರಿಕೆ ಆಗಿ ದೀಪ ಹಾಕಿ, ಅವನ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ’ ಅಂದರು. ಪಕ್ಕದಲ್ಲಿದ್ದ ಮೊಮ್ಮಗ ಕೂಡಲೇ ಹೇಳಿದ, ‘ನನಗೆ ಕಚಗುಳಿ ಆಯ್ತು.’ ಮ ಅಲ್ಲದಿದ್ದರೂ ನ ಎರಡೂ ಸಲ ಸ್ಪಷ್ಟವಾಗಿ ಬಂದಿತ್ತು.